ನೆಲ್ಲಿಗೂ ಕಿರುನೆಲ್ಲಿಗೂ ನಂಟು ಕಂಡವರು

ಮಳೆ ಹಿಡಿದ ಕೆಲವೇ ದಿನಗಳಲ್ಲಿ ಹಿತ್ತಿಲ ತುಂಬ ಕಿರುನೆಲ್ಲಿ ಏಳುತ್ತದೆ. ಗೇಣುದ್ದದ ಕಳೆ. ಒಂದು ಕವಲು ಚಿವುಟಿ ಅಂಗೈ ಮೇಲೆ ಮಗುಚಿಟ್ಟು ನೋಡಿ. ಎಲೆಸಾಲಿನ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಕಾಯಿಗಳು, ಪೋಣಿಸಿಟ್ಟ ಹಾಗೆ. ಬಲಿತ ಕಾಯಿಯನ್ನು ಉಗುರಿನಿಂದ ಒತ್ತಿದರೆ ಮೂರು ಹೋಳಾಗುತ್ತದೆ. ಈಗ ಬೆಟ್ಟದ ನೆಲ್ಲಿಕಾಯಿಯ ಬೀಜ ಒಡೆಯಿರಿ, ಗಟ್ಟಿ ಓಡಿನೊಳಗೂ ಮೂರೇ ಕೋಣೆ. ಒಂದು ಆಳೆತ್ತರಕ್ಕೂ ಮೀರಿ ಬೆಳೆಯುವ ಮರ, ಇನ್ನೊಂದು ಕಾಲಡಿಗೆ ಸಿಕ್ಕುವ ಸಸಿ. ಇವೆರಡೂ ಒಂದೇ ಮನೆತನದವು ಎಂದು ಮೊದಲು ಕಂಡುಕೊಂಡವರು ಯಾರು?

ಪಠ್ಯಪುಸ್ತಕದ ಉತ್ತರ ಸ್ವೀಡನ್ನಿನ ಕಾರ್ಲ್ ಲಿನೇಯಸ್. 1753ರ ತನ್ನ ‘ಸ್ಪೀಶೀಸ್ ಪ್ಲಾಂಟಾರಂ’ ಗ್ರಂಥದಲ್ಲಿ ಆತ ಎರಡನ್ನೂ ಫಿಲಾಂತಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ. ಆದರೆ ಆತನ ಮೇಜಿನ ಮೇಲೆ ಇನ್ನೊಂದು ಗ್ರಂಥವಿತ್ತು. ಅದರಲ್ಲಿ ಮರದ ಹೆಸರು ‘ನಿಲಿಕಾಮರಂ’, ಸಸಿಯ ಹೆಸರು ‘ಕಿರ್ಗನೆಲಿ’, ಅದರ ಪುಟ್ಟ ತಂಗಿಯ ಹೆಸರು ‘ಚೆರು ಕಿರ್ಗನೆಲಿ’. ಇವು ಮಲಯಾಳಂ ಹೆಸರುಗಳು. ಕಿರ್ಗನೆಲಿಯ ಮೊದಲಲ್ಲಿರುವುದು ಕೀಳ್, ಅಂದರೆ ಕೆಳಗೆ. ಕೆಳಗೆ ಕಾಯಿ ಬಿಡುವ ನೆಲ್ಲಿ ಎಂದರ್ಥ. ನಂಟು ಹೆಸರಿನಲ್ಲೇ ಇತ್ತು. ಲಿನೇಯಸ್ ಹುಟ್ಟುವ ಮೊದಲೇ ಇತ್ತು.

ಆ ಗ್ರಂಥ ‘ಹೋರ್ಟಸ್ ಮಲಬಾರಿಕಸ್’, ಅಂದರೆ ಮಲಬಾರಿನ ತೋಟ. ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿದ್ದರು. 1670ರ ದಶಕದಲ್ಲಿ ಅಲ್ಲಿ ಅಧಿಕಾರದಲ್ಲಿದ್ದ ಹೆಂಡ್ರಿಕ್ ವಾನ್ ರೀಡ್‌ಗೆ ಒಂದು ಸಂಗತಿ ಮನಸ್ಸಿನಲ್ಲಿ ಕುಟುಕುತ್ತಿತ್ತು. ಯುರೋಪಿನಿಂದ ದುಬಾರಿ ಬೆಲೆಗೆ ಹಡಗಿನಲ್ಲಿ ಬರುತ್ತಿದ್ದ ಔಷಧಿಗಳು ದಾರಿಯಲ್ಲೇ ಸತ್ವ ಕಳೆದುಕೊಳ್ಳುತ್ತಿದ್ದವು. ಅವುಗಳಲ್ಲಿ ಕೆಲವು ಮೊದಲು ಇದೇ ನೆಲದಿಂದ ಹೋದ ಗಿಡಮೂಲಿಕೆಗಳೇ. ಇಲ್ಲಿಯ ಗಿಡಗಳನ್ನು ಇಲ್ಲಿಯವರಿಂದಲೇ ಅರಿತು ದಾಖಲಿಸಬೇಕೆಂದು ಆತ ಹೊರಟ. ಹೂವು, ಕಾಯಿ, ಬೇರು ಸಮೇತ ಗಿಡ ತರಲು ಜನ ಕಾಡಿಗೆ ಹೋದರು. ಬಾಡುವ ಮೊದಲೇ ಚಿತ್ರಕಾರರು ಬರೆದುಕೊಂಡರು. ಕೊಚ್ಚಿಯ ರಾಜನ ನೆರವೂ ಸಿಕ್ಕಿತು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾದ 12 ಸಂಪುಟ, 742 ಗಿಡಗಳು. ಕೊನೆಯ ಸಂಪುಟ ಬರುವಷ್ಟರಲ್ಲಿ ವಾನ್ ರೀಡ್ ತೀರಿಕೊಂಡು ಎರಡು ವರ್ಷವಾಗಿತ್ತು.

ನನ್ನ ಮನಸ್ಸು ನಿಲ್ಲುವುದು ಮೊದಲ ಸಂಪುಟದ ಆರಂಭದ ಹಾಳೆಗಳಲ್ಲಿ. ಅಲ್ಲಿ ಕೆಲವು ಪ್ರಮಾಣಪತ್ರಗಳಿವೆ. ಒಂದನ್ನು ಕೊಟ್ಟವರು ಇಟ್ಟಿ ಅಚ್ಯುತನ್, ಇಂದಿನ ಆಲಪ್ಪುಳ ಜಿಲ್ಲೆಯ ಕಡಕ್ಕರಪ್ಪಳ್ಳಿಯ ಈಳವ ವೈದ್ಯರು. ತಮ್ಮ ಮನೆತನದಲ್ಲಿ ನಡೆದುಬಂದ ವೈದ್ಯವನ್ನು ಆಧರಿಸಿ, ಮರ ಬಳ್ಳಿ ಗಿಡಗಳ ಹೆಸರು, ಗುಣ, ಬಳಕೆಯನ್ನು ದುಭಾಷಿ ಎಮಾನುಯೆಲ್ ಕರ್ನೇರೊಗೆ ಹೇಳಿ ಬರೆಸಿದ್ದಾಗಿ ಅವರು ತಿಳಿಸುತ್ತಾರೆ. ತಾರೀಕು 1675ರ ಏಪ್ರಿಲ್ 20. ಇನ್ನೊಂದು ಪತ್ರ ನಾಗರಿ ಲಿಪಿಯ ಕೊಂಕಣಿಯಲ್ಲಿದೆ. ಕೊಟ್ಟವರು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟ ಕೊಂಕಣಿಗರು ಕೆಲವರು ನಮ್ಮ ಕರಾವಳಿಯ ಕಾರವಾರ, ಭಟ್ಕಳ, ಮಂಗಳೂರುಗಳಲ್ಲಿ ನೆಲೆಸಿದರು, ಕೆಲವರು ಕೊಚ್ಚಿಯವರೆಗೂ ಹೋದರು. ಈ ಮೂವರು ಆ ಕೊಚ್ಚಿಯ ಸಮುದಾಯಕ್ಕೆ ಸೇರಿದವರು. ಹೇಳಿದವರ ಹೆಸರು, ಊರು, ಅವರದೇ ಭಾಷೆ, ಅವರದೇ ಅಕ್ಷರ. ಅಂಥ ಮರ್ಯಾದೆ ಮುಂದಿನ ಎಷ್ಟೋ ಸಸ್ಯಗ್ರಂಥಗಳಲ್ಲಿ ಕಾಣುವುದಿಲ್ಲ.

ಅಚ್ಯುತನ್ ಅವರ ಅರಿವೂ ಈ ಮೂವರ ಅರಿವೂ ಬೇರೆ ಬೇರೆ ದಾರಿಯದು. ಶಾಸ್ತ್ರ ಓದಿದ ಪಂಡಿತರು ಗಿಡವನ್ನು ಅದು ಮಾಡುವ ಕೆಲಸದಿಂದ ವಿಂಗಡಿಸುತ್ತಾರೆ. ಚರಕಸಂಹಿತೆಯಲ್ಲಿ ಹತ್ತು ಹತ್ತು ಮೂಲಿಕೆಗಳ 50 ಗುಂಪುಗಳಿವೆ. ಒಂದೇ ನೆಲ್ಲಿ ಜ್ವರದ ಗುಂಪಿನಲ್ಲೂ ಬರುತ್ತದೆ, ಕೆಮ್ಮಿನ ಗುಂಪಿನಲ್ಲೂ ಬರುತ್ತದೆ. ಚಿಕಿತ್ಸೆಗೆ ಅದೇ ಸರಿ. ಕಾಡಿನಲ್ಲಿ ಗಿಡ ಕೀಳುವವರಿಗೆ ಮಾತ್ರ ಮೊದಲು ಗುರುತು ತಪ್ಪಬಾರದು, ತಪ್ಪಿದರೆ ಜೀವಕ್ಕೇ ಕುತ್ತು. ಹಾಗಾಗಿ ಅವರು ರೂಪ ಹಿಡಿದು ಹೆಸರಿಟ್ಟರು. ಓಣಪ್ಪೂ, ವಳ್ಳಿ ಓಣಪ್ಪೂ, ಮಣ್ ಓಣಪ್ಪೂ ಎಂಬಂಥ ಹೆಸರುಗಳು ಆ ಸಂಪುಟಗಳಲ್ಲಿ ಅಕ್ಕಪಕ್ಕ ಬರುತ್ತವೆ. ಮನೆಹೆಸರೊಂದು, ಮುಂದೆ ಗುರುತಿನ ಮಾತೊಂದು. ಲಿನೇಯಸ್‌ನ ಎರಡು ಪದದ ಹೆಸರಿನ ಕ್ರಮ ಇದಕ್ಕಿಂತ ಬಹಳ ದೂರವೇನಿಲ್ಲ.

ಹೆಸರುಗಳೇ ನೇರವಾಗಿ ಹೋದದ್ದೂ ಉಂಟು. ಬಸಳೆಯ ವೈಜ್ಞಾನಿಕ ಹೆಸರು ಬಾಸೆಲ್ಲಾ. ಅದು ಈ ಗ್ರಂಥದಿಂದ ಲಿನೇಯಸ್ ಎತ್ತಿಕೊಂಡ ನಮ್ಮದೇ ಪದ. ಹೊಂಗೆಗೆ ಬಂದ ಪೊಂಗಾಮಿಯಾ ಎಂಬ ಹೆಸರಿನ ಹಿಂದೆ ಇರುವುದು ‘ಪೊಂಗಂ’. ಪಾಲು ಹಾಲಾದ ಕನ್ನಡದಲ್ಲಿ ಪೊಂಗೆ ಹೊಂಗೆಯಾಗಿದೆ, ಅಷ್ಟೇ ವ್ಯತ್ಯಾಸ.

ದೂರದಲ್ಲಿ ಕೂತು ಹೆಸರಿಟ್ಟಾಗ ಎಡವಟ್ಟೂ ಆಗಿದೆ. ನಮ್ಮ ಮಲೆನಾಡು, ಕರಾವಳಿಯಲ್ಲಿ ಹೂವಿನಿಂದ ತಂಬುಳಿ ಮಾಡುವ ಕೊಡಸಿಗೆ ಗೊತ್ತಲ್ಲ, ಅದರ ತೊಗಟೆ ಆಮಶಂಕೆಗೆ ಹೆಸರಾದ ಮದ್ದು. ಹೋರ್ಟಸ್‌ನಲ್ಲಿ ಅದು ‘ಕೊಡಗಪಾಲ’. ಲಿನೇಯಸ್ ಅದನ್ನು ಸಿಲೋನಿನ ಬೇರೊಂದು ಗಿಡದೊಂದಿಗೆ ಕಲಸಿದ. ‘ಆಂಟಿಡಿಸೆಂಟೆರಿಕಾ’, ಅಂದರೆ ಆಮಶಂಕೆ ತಡೆಯುವುದು, ಎಂಬ ಬಿರುದು ಕೊನೆಗೆ ಆ ಸಿಲೋನಿನ ಗಿಡಕ್ಕೆ ಅಂಟಿಕೊಂಡಿತು. ಈಗ ನರ್ಸರಿಗಳಲ್ಲಿ ಅಂದದ ಬಿಳಿ ಹೂವಿಗಾಗಿ ಮಾರುವುದು ರೈಟಿಯಾ ಆಂಟಿಡಿಸೆಂಟೆರಿಕಾ ಎಂಬ ಆ ಗಿಡವನ್ನೇ. ಮದ್ದಿನ ಮರವಾದ ಕೊಡಸಿಗೆಯನ್ನು ಇಂದು ಹೊಲರೀನಾ ಪ್ಯೂಬೆಸೆನ್ಸ್ ಎನ್ನುತ್ತಾರೆ. ಬರೀ ಲ್ಯಾಟಿನ್ ಹೆಸರನ್ನು ನಂಬಿ ಮದ್ದು ಹುಡುಕಿದವನ ಗತಿ ಏನು?

ಇಂಥ ಸಿಕ್ಕು ಬಿಡಿಸುವ ಕೆಲಸ ಬಹಳ ಕಾಲ ನಡೆಯಿತು. ಟಿಪ್ಪು ಮಡಿದ ಮೇಲೆ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಗ್ರಂಥಕ್ಕೆ ಟಿಪ್ಪಣಿ ಬರೆದ. ಆದರೆ ಇಡೀ ಬದುಕನ್ನೇ ಇದಕ್ಕೆ ಕೊಟ್ಟವರು ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್. ಅವರು ಗ್ರಂಥ ಹಿಡಿದು ಮತ್ತೆ ಅದೇ ನೆಲಕ್ಕೆ ಹೋದರು, ಗಿಡಗಳನ್ನು ಮತ್ತೆ ಹುಡುಕಿ ತಂದರು, ಹಳೆಯ ಹೆಸರಿಗೂ ಇಂದಿನ ಹೆಸರಿಗೂ ಗಂಟು ಹಾಕಿದರು. ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದ ಮೇಲೆ 2003ರಲ್ಲಿ ಇಂಗ್ಲಿಷ್ ಆವೃತ್ತಿ, 2008ರಲ್ಲಿ ಮಲಯಾಳಂ ಆವೃತ್ತಿ ಕೇರಳ ವಿಶ್ವವಿದ್ಯಾಲಯದಿಂದ ಬಂದವು. ಕೇರಳದ ವೈದ್ಯರು ಹೇಳಿದ್ದು ಕೇರಳದ ಭಾಷೆಗೆ ಮರಳಲು 300 ವರ್ಷಕ್ಕೂ ಮಿಕ್ಕಿ ಹಿಡಿಯಿತು. ಮಣಿಲಾಲ್ 2025ರ ಜನವರಿ 1ರಂದು ತೀರಿಕೊಂಡರು.

ನಮ್ಮಲ್ಲೂ ಗಿಡದ ಹೆಸರು ಬಲ್ಲ ಅಜ್ಜಿಯರು, ನಾಟಿ ವೈದ್ಯರು ಇನ್ನೂ ಇದ್ದಾರೆ. ಈ ಮಳೆಗಾಲದಲ್ಲಿ ಅವರ ಜೊತೆ ಒಮ್ಮೆ ಹಿತ್ತಿಲು ಸುತ್ತಿ. ಗಿಡದ ಹೆಸರು ಬರೆದುಕೊಳ್ಳುವಾಗ ಪಕ್ಕದಲ್ಲಿ ಹೇಳಿದವರ ಹೆಸರು, ಊರು, ತಾರೀಕನ್ನೂ ತಪ್ಪದೆ ಬರೆಯಿರಿ.