ನಾಲ್ವರ ಸಂಬಳ, ಒಂದೂರಿನ ಸಿಟ್ಟು

2025ರ ಮೇ 18ರ ರಾತ್ರಿ ಟೊರಾಂಟೊ ಮೇಪಲ್ ಲೀಫ್ಸ್ ತಂಡ ತನ್ನ ತವರಿನಲ್ಲೇ ಫ್ಲಾರಿಡಾ ಪ್ಯಾಂಥರ್ಸ್ ಎದುರು ಪ್ಲೇಆಫ್ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯವನ್ನು 6–1ರಿಂದ ಸೋತಿತು. ದುಬಾರಿ ಟಿಕೆಟ್ ಕೊಂಡು ಬಂದಿದ್ದ ಪ್ರೇಕ್ಷಕರು ಜೆರ್ಸಿಗಳನ್ನು ರಿಂಕ್‌ಗೆ ಎಸೆದರು. ಸಿಟ್ಟಿಗೆ ಕಾರಣವಂತೂ ಇತ್ತು. ಐಸ್ ಹಾಕಿಯ ಅತ್ಯಂತ ಬೆಲೆಬಾಳುವ ತಂಡಗಳಲ್ಲಿ ಒಂದಾದ ಲೀಫ್ಸ್ ಕೊನೆಯ ಸಲ ಸ್ಟ್ಯಾನ್ಲಿ ಕಪ್ ಎತ್ತಿದ್ದು 1967ರಲ್ಲಿ. ಆಗ ಈ ಕಪ್‌ಗಾಗಿ ಆಡುವ ಎನ್‌ಎಚ್‌ಎಲ್ ಲೀಗ್‌ನಲ್ಲಿ ಇದ್ದದ್ದೇ ಆರು ತಂಡ. ಈಗ 32.

ಆ ಸಿಟ್ಟೆಲ್ಲ ಹೋಗಿ ಬಿದ್ದದ್ದು ನಾಲ್ವರು ಆಟಗಾರರ ಮೇಲೆ: ಜಾನ್ ಟವಾರೆಸ್, ಆಸ್ಟನ್ ಮ್ಯಾಥ್ಯೂಸ್, ಮಿಚ್ ಮಾರ್ನರ್, ವಿಲಿಯಂ ನೈಲಾಂಡರ್. ಇವರು ವಿಪರೀತ ಸಂಬಳ ಕೇಳಿದರು, ತಂಡ ಕಟ್ಟಲು ಹಣ ಉಳಿಯಲಿಲ್ಲ, ಅದಕ್ಕೇ ಕಪ್ ಬರಲಿಲ್ಲ ಎಂಬ ಮಾತು ಆ ಊರಿನಲ್ಲಿ ವರ್ಷಗಟ್ಟಲೆ ಓಡಾಡಿತು. ಅದರಲ್ಲಿ ಅರ್ಧ ಸತ್ಯವಿದೆ. ಆದರೆ ಆ ಅರ್ಧ ಸತ್ಯವನ್ನು ಮುಂದಿಟ್ಟು ಆಟಗಾರರನ್ನು ದುರಾಸೆಯವರೆಂದು ಕರೆಯುವುದು ಶುದ್ಧ ಅನ್ಯಾಯ. ಅದು ಹೇಗೆಂದು ತಿಳಿಯಲು ಈ ಆಟದ ಹಣದ ಕಟ್ಟುಪಾಡನ್ನೇ ನೋಡಬೇಕು.

ಎನ್‌ಎಚ್‌ಎಲ್‌ನಲ್ಲಿ ಪ್ರತಿ ತಂಡವೂ ಆಟಗಾರರ ಸಂಬಳಕ್ಕೆ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇದೆ. ಐಪಿಎಲ್ ಹರಾಜಿನ ಪರ್ಸ್ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಐಪಿಎಲ್‌ಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಇತ್ತಲ್ಲ, ಹಾಗೆ. ವ್ಯತ್ಯಾಸವಿರುವುದು ಕರಾರಿನ ಅವಧಿಯಲ್ಲಿ. ಹಾಕಿಯಲ್ಲಿ ಹರಾಜಿಲ್ಲ. ಆಟಗಾರ ಏಜೆಂಟ್ ಮೂಲಕ ಕೂತು ಚೌಕಾಸಿ ಮಾಡುತ್ತಾನೆ, ಹಲವು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ಬೋನಸ್ ಸೇರಿಸಿ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದಾಗ ಬರುವ ಸರಾಸರಿ, ಅಷ್ಟೂ ವರ್ಷ ತಂಡದ ಮಿತಿಯೊಳಗೆ ಜಾಗ ಹಿಡಿದು ಕೂರುತ್ತದೆ. ಆಟ ಚೆನ್ನಾಗಿದ್ದರೂ ಅಷ್ಟೇ, ಮೊಣಕಾಲು ಸವೆದರೂ ಅಷ್ಟೇ.

ಈ ಮಿತಿ ಸುಮ್ಮನೆ ಬಂದದ್ದಲ್ಲ. 2004ರ ಸೆಪ್ಟೆಂಬರ್‌ನಲ್ಲಿ ತಂಡಗಳ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬೀಗ ಹಾಕಿದರು. ಕಮಿಷನರ್ ಗ್ಯಾರಿ ಬೆಟ್‌ಮನ್ ಸಂಬಳಕ್ಕೆ ಮಿತಿ ಬೇಕೇ ಬೇಕೆಂದರು. ಬಾಬ್ ಗುಡಿನೌ ನಾಯಕತ್ವದ ಆಟಗಾರರ ಸಂಘ ತಿಂಗಳುಗಟ್ಟಲೆ ಒಪ್ಪಲಿಲ್ಲ. 2005ರ ಫೆಬ್ರುವರಿ 16ರಂದು ಇಡೀ ಋತುವೇ ರದ್ದಾಯಿತು. 1919ರಲ್ಲಿ ಫ್ಲೂ ಪಿಡುಗಿನಿಂದ ಫೈನಲ್ ಅರ್ಧಕ್ಕೆ ನಿಂತ ಮೇಲೆ, ಸ್ಟ್ಯಾನ್ಲಿ ಕಪ್ ಯಾರಿಗೂ ಸಿಗದೆ ಹೋದದ್ದು ಅದೇ ಮೊದಲು. ಕೊನೆಗೆ ಸೋತದ್ದು ಸಂಘ. ಚಾಲ್ತಿಯಲ್ಲಿದ್ದ ಎಲ್ಲ ಒಪ್ಪಂದಗಳ ಮೇಲೂ ಶೇ 24ರಷ್ಟು ಕಡಿತ, ಮೊದಲ ವರ್ಷ ಪ್ರತಿ ತಂಡಕ್ಕೆ 3.9 ಕೋಟಿ ಡಾಲರ್ ಮಿತಿ. 2012–13ರಲ್ಲಿ ಮತ್ತೊಮ್ಮೆ ಬೀಗಮುದ್ರೆ, ಮತ್ತೆ ಅರ್ಧ ಋತು ಹಾಳು. ಆ ಬಳಿಕ ಲೀಗ್‌ನ ಹಾಕಿ ಆದಾಯದಲ್ಲಿ ಆಟಗಾರರ ಪಾಲು ಶೇ 50 ಎಂದು ನಿಗದಿಯಾಯಿತು.

ಈ ಶೇ 50ರಲ್ಲೇ ಎಲ್ಲ ಗುಟ್ಟೂ ಇದೆ. ಸಂಬಳದ ಒಂದು ಭಾಗವನ್ನು ‘ಎಸ್ಕ್ರೊ’ ಎಂದು ಮೊದಲೇ ಹಿಡಿದಿಡುತ್ತಾರೆ. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಆಟಗಾರರ ಒಟ್ಟು ಸಂಬಳ ಅರ್ಧವನ್ನು ಮೀರಿದ್ದರೆ, ಆ ಹಿಡಿದಿಟ್ಟ ದುಡ್ಡು ಮಾಲೀಕರಿಗೆ ಹೋಗುತ್ತದೆ. ಕೋವಿಡ್ ಬಂದಾಗ, 2020–21ರ ಋತುವಿನಲ್ಲಿ, ಹೀಗೆ ಹಿಡಿದದ್ದು ಶೇ 20. ಅದರ ಮೇಲೆ ಇನ್ನೂ ಶೇ 10ನ್ನು ಮುಂದೆ ಕೊಡುತ್ತೇವೆಂದು ತಡೆಹಿಡಿದರು. ಅಂದರೆ ಮ್ಯಾಥ್ಯೂಸ್‌ಗೆ ಹತ್ತು ಲಕ್ಷ ಡಾಲರ್ ಹೆಚ್ಚಿಗೆ ಸಿಕ್ಕರೆ ಅದು ಮಾಲೀಕರ ಅರ್ಧದಿಂದ ಬಂದ ಹಣವಲ್ಲ, ಬೇರೆ ಆಟಗಾರರ ಪಾಲಿನಿಂದ ಬಂದದ್ದು. ಮಾಲೀಕರ ಅರ್ಧ ಅಲುಗಾಡುವುದೇ ಇಲ್ಲ. ‘ಸ್ವಲ್ಪ ಕಡಿಮೆ ತಗೊಂಡಿದ್ದರೆ ಏನಾಗುತ್ತಿತ್ತು’ ಎಂದು ಆಟಗಾರನನ್ನು ಕೇಳುವ ಅಭಿಮಾನಿ, ಆ ಪ್ರಶ್ನೆಯನ್ನು ಇನ್ನರ್ಧ ಇಟ್ಟುಕೊಂಡವರಿಗೆ ಕೇಳುವುದಿಲ್ಲ. ನನಗೆ ನೋವಾಗುವುದು ಇಲ್ಲೇ.

ಈಗ ಆ ನಾಲ್ಕು ಒಪ್ಪಂದಗಳಿಗೆ ಬರೋಣ. 2018ರ ಜುಲೈ 1ರಂದು ಟವಾರೆಸ್ ನ್ಯೂಯಾರ್ಕ್ ಐಲ್ಯಾಂಡರ್ಸ್ ಬಿಟ್ಟು ತಾನು ಬೆಳೆದ ಊರಿನ ತಂಡಕ್ಕೆ ಬಂದರು. ಏಳು ವರ್ಷ, 7.7 ಕೋಟಿ ಡಾಲರ್. ಮೊದಲ ವರ್ಷದ ಹಣದಲ್ಲಿ ಬಹುಪಾಲನ್ನು ಬೋನಸ್ ಎಂದು ಒಂದೇ ಗಂಟಿನಲ್ಲಿ ಕೊಟ್ಟರು. ಮಿತಿ ಎಷ್ಟು ಕೊಡಬೇಕೆಂದು ಕಟ್ಟಿಹಾಕುತ್ತದೆ, ಯಾವಾಗ ಕೊಡಬೇಕೆಂದಲ್ಲ. ನಗದು ತುಂಬಿರುವ ತಂಡಕ್ಕೆ ಉಳಿದ ಅನುಕೂಲಗಳಲ್ಲಿ ಅದೊಂದು. ಅದೇ ವರ್ಷ ನೈಲಾಂಡರ್ ಸಹಿ ಹಾಕದೆ ಡಿಸೆಂಬರ್ 1ರವರೆಗೆ ಹೊರಗೇ ಉಳಿದರು. ಅಂದು ಸಂಜೆ ಐದರೊಳಗೆ ಒಪ್ಪಂದವಾಗದಿದ್ದರೆ ಆ ಋತುವಿನಲ್ಲಿ ಎನ್‌ಎಚ್‌ಎಲ್ ಆಡುವಂತೆಯೇ ಇರಲಿಲ್ಲ. ಗಡುವು ಮುಗಿಯಲು ಕೆಲವೇ ನಿಮಿಷ ಇರುವಾಗ ಆರು ವರ್ಷಕ್ಕೆ ಕೈ ಕುಲುಕಿದರು. ಇದನ್ನು ಹಟ ಎಂದವರೇ ಹೆಚ್ಚು. ಆದರೆ ಲೀಗಿಗೆ ಬಂದು ಕೆಲವೇ ವರ್ಷವಾದ ಹುಡುಗನ ಹಕ್ಕು ತಂಡದ ಕೈಯಲ್ಲೇ ಇರುತ್ತದೆ. ಬೇರೆ ತಂಡ ಅವನನ್ನು ಕರೆದರೂ, ಅದಕ್ಕೆ ಸಮನಾದ ಸಂಬಳ ಕೊಟ್ಟು ಉಳಿಸಿಕೊಳ್ಳುವ ಅಧಿಕಾರ ಹಳೆಯ ತಂಡಕ್ಕಿದೆ. ಮನೆಯಲ್ಲಿ ಕೂರುವುದು ಬಿಟ್ಟರೆ ಅವನ ಬಳಿ ಹೆಚ್ಚಿನ ಅಸ್ತ್ರವಿಲ್ಲ.

2019ರಲ್ಲಿ ಮ್ಯಾಥ್ಯೂಸ್‌ಗೆ ವರ್ಷಕ್ಕೆ ಸರಾಸರಿ 1.16 ಕೋಟಿ, ಮಾರ್ನರ್‌ಗೆ 1.09 ಕೋಟಿ ಡಾಲರ್. ನಾಲ್ವರದೂ ಕೂಡಿದರೆ ಸುಮಾರು 4.05 ಕೋಟಿ. ಆ ವರ್ಷದ ಮಿತಿ 8.15 ಕೋಟಿ. ಇನ್ನರ್ಧದಲ್ಲಿ ತಂಡದ ಉಳಿದವರೆಲ್ಲ ಬದುಕಬೇಕು.

ಲೀಫ್ಸ್‌ನ ಆಗಿನ ಜನರಲ್ ಮ್ಯಾನೇಜರ್ ಕೈಲ್ ಡುಬಾಸ್ ಲೆಕ್ಕ ತಿಳಿಯದ ಮನುಷ್ಯನಲ್ಲ. ಮಿತಿ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಇನ್ನೆರಡು ಮೂರು ವರ್ಷದಲ್ಲಿ ಈ ನಾಲ್ಕು ಸಂಬಳಗಳು ಅಗ್ಗವಾಗಿ ಕಾಣುತ್ತಿದ್ದವು. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಲೀಗ್ ನಿಂತಿತು. ಮಿತಿ ಮೂರು ಋತು ಅದೇ 8.15 ಕೋಟಿಯಲ್ಲಿ ಹೆಪ್ಪುಗಟ್ಟಿತು. ಆಮೇಲೂ ಎರಡು ವರ್ಷ ಹತ್ತತ್ತು ಲಕ್ಷವಷ್ಟೇ ಏರಿತು. ಬೇರೆ ತಂಡಗಳಿಗೂ ಇದೇ ಗತಿ, ನಿಜ. ಆದರೆ ಆ ಏರಿಕೆಯನ್ನೇ ನಂಬಿ ಅರ್ಧ ಹಣವನ್ನು ನಾಲ್ವರಿಗೆ ಕಟ್ಟಿಟ್ಟ ತಂಡಕ್ಕೆ ಪೆಟ್ಟು ಜೋರು.

ಪೆಟ್ಟು ಬಿದ್ದದ್ದು ನಡುಮಟ್ಟದ ಆಟಗಾರರ ಮೇಲೆ. ನಾಜಿಮ್ ಕಾದ್ರಿಯನ್ನು 2019ರಲ್ಲೇ ಕೊಲರಾಡೊಗೆ ಕಳಿಸಿಯಾಗಿತ್ತು. ಅವರು 2022ರಲ್ಲಿ ಅಲ್ಲಿ ಕಪ್ ಗೆದ್ದರು. ಟೊರಾಂಟೊದವರೇ ಆದ ಝ್ಯಾಕ್ ಹೈಮನ್, ಮೂಲೆಮೂಲೆಗೆ ನುಗ್ಗಿ ಪಕ್ ಕಿತ್ತು ತರುವ ಆಟಗಾರ. 2021ರಲ್ಲಿ ಅವರಿಗೆ ವರ್ಷಕ್ಕೆ 55 ಲಕ್ಷ ಡಾಲರ್ ಕೊಡಲು ಜಾಗವಿಲ್ಲದೆ ಬಿಟ್ಟುಕೊಟ್ಟರು. ಎಡ್ಮಂಟನ್ ಸೇರಿ 2023–24ರಲ್ಲಿ 54 ಗೋಲು ಹೊಡೆದರು. ಇತ್ತ ಲೀಫ್ಸ್ 2019ರಿಂದ 2022ರವರೆಗೆ ಪ್ರತಿ ವರ್ಷ ಮೊದಲ ಸರಣಿಯಲ್ಲೇ ಮನೆಗೆ ಹೋಯಿತು. 2021ರಲ್ಲಂತೂ ಮಾಂಟ್ರಿಯಲ್ ವಿರುದ್ಧ 3–1 ಮುಂದಿದ್ದು ಸೋತಿತು. 2023ರಲ್ಲಿ ಟ್ಯಾಂಪಾ ಬೇ ವಿರುದ್ಧ ಒಂದು ಸರಣಿ ಗೆದ್ದಾಗ ಊರು ಹಬ್ಬ ಮಾಡಿತು. 2004ರ ನಂತರ ಅದೇ ಮೊದಲು.

ಹಾಗಾದರೆ ಇದೇ ಮಿತಿಯೊಳಗೆ ಫ್ಲಾರಿಡಾ 2024ರಲ್ಲೂ 2025ರಲ್ಲೂ ಕಪ್ ಗೆದ್ದದ್ದು ಹೇಗೆ? ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಟೊರಾಂಟೊ ಇರುವ ಒಂಟಾರಿಯೊದಲ್ಲಿ ಮೇಲಿನ ಹಂತಕ್ಕೆ ಕೇಂದ್ರದ್ದೂ ಸೇರಿ ಶೇ 53ಕ್ಕೂ ಹೆಚ್ಚು. ಫ್ಲಾರಿಡಾದಲ್ಲಿ ಆಟಗಾರ ಕಡಿಮೆ ಸಂಬಳಕ್ಕೆ ಒಪ್ಪಿದರೂ ಕೈಗೆ ಬರುವುದು ಕಡಿಮೆಯಾಗುವುದಿಲ್ಲ. ಕಾಗದದ ಮೇಲೆ ಎಲ್ಲರಿಗೂ ಒಂದೇ ಮಿತಿ, ಜೇಬಿನಲ್ಲಿ ಬೇರೆ. ಆದರೆ ಅಷ್ಟಕ್ಕೇ ಮುಗಿಸಿದರೆ ಪ್ಯಾಂಥರ್ಸ್‌ಗೆ ಅನ್ಯಾಯ ಮಾಡಿದಂತೆ. ಅವರ ಡಿಫೆನ್ಸ್‌ನ ಬೆನ್ನೆಲುಬಾದ ಗುಸ್ತಾವ್ ಫೋರ್ಸ್‌ಲಿಂಗ್‌ನನ್ನು 2021ರಲ್ಲಿ ಬೇರೆ ತಂಡ ಬಿಟ್ಟುಕೊಟ್ಟಾಗ ಬಿಟ್ಟಿಯಾಗಿ ಎತ್ತಿಕೊಂಡದ್ದು. ಕಾರ್ಟರ್ ವರ್ಹೇಗಿ ಟ್ಯಾಂಪಾಕ್ಕೆ ಬೇಡವಾದಾಗ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗೆ ಬಂದವರು. ಈ ವರ್ಹೇಗಿಯನ್ನು 2013ರಲ್ಲಿ ಮೊದಲು ಆರಿಸಿದ್ದು ಯಾರು ಗೊತ್ತೆ? ಟೊರಾಂಟೊ ಲೀಫ್ಸ್. ಎರಡು ವರ್ಷದ ನಂತರ ಅವರೇ ಕೈಬಿಟ್ಟರು. ಮಿತಿಯ ಕಾಲದಲ್ಲಿ ಕಪ್ ತರುವುದು ಇಂಥ ಕಣ್ಣು. ಅದು ಕಚೇರಿಯಲ್ಲಿ ಕೂತವರ ಕೆಲಸ, ಮಾರ್ನರ್ ಕೆಲಸವಲ್ಲ.

ಸಂಬಳ ಕೇಳುವುದನ್ನು ತಪ್ಪೆಂದು ಕಾಣುವ ಚಾಳಿ ಈ ಆಟದಲ್ಲಿ ಹಳೆಯದು. 1957ರಲ್ಲಿ ಡೆಟ್ರಾಯಿಟ್‌ನ ಟೆಡ್ ಲಿಂಡ್ಸೆ ಆಟಗಾರರ ಸಂಘ ಕಟ್ಟಲು ಹೊರಟರು. ಅವರು ತಮ್ಮ ಬದುಕಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಋತು ಅದು. ಶಿಕ್ಷೆಯಾಗಿ ಅವರನ್ನು ಕೆಳಗೆ ಬಿದ್ದಿದ್ದ ಚಿಕಾಗೊಗೆ ಅಟ್ಟಿದರು, ಸಂಘ ಮುರಿದುಬಿತ್ತು. ಅವರ ಜೊತೆಗಾರ, ಆ ಕಾಲದ ಮಹಾನ್ ಆಟಗಾರ ಗೋರ್ಡಿ ಹೌ, ತಮಗಿಂತ ಕಡಿಮೆ ಹೆಸರಿನವರಿಗೆ ಹೆಚ್ಚು ಸಂಬಳವಿದೆ ಎಂದು ತಿಳಿದದ್ದು 1960ರ ದಶಕದ ಕೊನೆಗೆ. ಯಾರಿಗೆಷ್ಟು ಎಂಬುದು ಗುಟ್ಟಾಗಿದ್ದಷ್ಟು ಕಾಲ ಮಾಲೀಕರಿಗೆ ಲಾಭ. ಈಗ ಆಟಗಾರರೇ ಮತ ಹಾಕಿ ಆರಿಸುವ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿಗೆ ಲಿಂಡ್ಸೆ ಹೆಸರಿದೆ.

ಮಾರ್ನರ್ 2025ರ ಬೇಸಿಗೆಯಲ್ಲಿ ಊರು ಬಿಟ್ಟು ಲಾಸ್ ವೇಗಸ್‌ಗೆ ಹೋದರು. ಎಂಟು ವರ್ಷ, 9.6 ಕೋಟಿ ಡಾಲರ್. ಟವಾರೆಸ್ ಉಳಿದರು, ವರ್ಷಕ್ಕೆ 43.8 ಲಕ್ಷಕ್ಕೆ, ಹಳೆಯದರ ಅರ್ಧಕ್ಕಿಂತ ಕಡಿಮೆಗೆ. ಅದೇ ವರ್ಷದ ಜುಲೈನಲ್ಲಿ, ಲೀಫ್ಸ್‌ನ ಒಡೆತನ ಹೊಂದಿರುವ ಕಂಪನಿಯಲ್ಲಿ ಟೆಲಿಕಾಂ ಸಂಸ್ಥೆ ಬೆಲ್ ಹೊಂದಿದ್ದ ಶೇ 37.5ರ ಪಾಲನ್ನು ಇನ್ನೊಂದು ಟೆಲಿಕಾಂ ಸಂಸ್ಥೆ ರೋಜರ್ಸ್ 470 ಕೋಟಿ ಕೆನಡಾ ಡಾಲರ್‌ಗೆ ಕೊಂಡಿತು. ಆ ಕಂಪನಿಯ ಕೈಯಲ್ಲಿ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ತಂಡಗಳೂ ಇವೆ. ಕಪ್ ಇಲ್ಲದ ಇಷ್ಟು ದಶಕಗಳು ಆ ಬೆಲೆಯನ್ನು ತಗ್ಗಿಸಲಿಲ್ಲ.

ಮಿತಿ ಈಗ ಮತ್ತೆ ಓಡತೊಡಗಿದೆ. 2025–26ಕ್ಕೆ 9.55 ಕೋಟಿ. ಮಿನೆಸೋಟ ತಂಡ ಕಿರಿಲ್ ಕಪ್ರಿಝೋವ್‌ಗೆ ಎಂಟು ವರ್ಷಕ್ಕೆ 13.6 ಕೋಟಿ ಡಾಲರ್ ಬರೆದುಕೊಟ್ಟಿತು, ಲೀಗ್ ಚರಿತ್ರೆಯಲ್ಲೇ ದೊಡ್ಡ ಮೊತ್ತ. ಕೆಲವೇ ದಿನಗಳಲ್ಲಿ, ಈ ತಲೆಮಾರಿನ ಅತ್ಯುತ್ತಮ ಆಟಗಾರನೆಂದು ಬಹುತೇಕರು ಒಪ್ಪುವ ಕಾನರ್ ಮೆಕ್‌ಡೇವಿಡ್ ಎಡ್ಮಂಟನ್‌ನೊಂದಿಗೆ ಹಳೆಯ 1.25 ಕೋಟಿಗೇ ಇನ್ನೆರಡು ವರ್ಷ ಒಪ್ಪಿದರು. ಎರಡು ಫೈನಲ್ ಸೋತ ಮನುಷ್ಯ, ಗೆಲ್ಲುವ ತಂಡ ಕಟ್ಟಲು ಜಾಗ ಬಿಟ್ಟುಕೊಟ್ಟರು. ಎಲ್ಲರೂ ಹೊಗಳಿದರು, ಹೊಗಳಬೇಕಾದ್ದೇ. ಆದರೆ ಮೆಕ್‌ಡೇವಿಡ್ ಬಿಟ್ಟ ಪ್ರತಿ ಡಾಲರ್ ಬಿಟ್ಟದ್ದು ತನ್ನ ಕಿಸೆಯಿಂದ. ಅಂಥದೇ ತ್ಯಾಗ ಮಾಡಿ ಎಂದು ತಂಡದ ಒಡೆಯರನ್ನು ಆ ವಾರ ಯಾರೂ ಕೇಳಲಿಲ್ಲ.