ಹಳೆಯ ಹೆಸರು, ಹೊಸ ಎಂಜಿನ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಜಾರ್ಜ್ ಬ್ರಫ್ 1919ರಲ್ಲಿ ಶುರುಮಾಡಿದ 'ಬ್ರಫ್ ಸುಪೀರಿಯರ್' ಹುಟ್ಟಿನಿಂದಲೇ ಉಳ್ಳವರ ಬೈಕು. ಎಂಜಿನ್ನು ಜೆಎಪಿ ಅಥವಾ ಮ್ಯಾಚ್‌ಲೆಸ್ ಕಂಪನಿಯದು, ಗೇರ್‌ಬಾಕ್ಸು ಇನ್ನೊಬ್ಬರದು. ಬ್ರಫ್ ಅವರ ಹೆಚ್ಚುಗಾರಿಕೆ ಇದ್ದದ್ದು ಜೋಡಣೆಯಲ್ಲಿ. ದರ್ಜಿ ಅಳತೆ ತೆಗೆದು ಹೊಲಿಯುವಂತೆ, ಕೊಳ್ಳುವವರ ಮೈಕಟ್ಟಿಗೆ ತಕ್ಕ ಹ್ಯಾಂಡಲ್ ಕೂರಿಸುತ್ತಿದ್ದರು. ಇಡೀ ಬೈಕನ್ನು ಒಮ್ಮೆ ಜೋಡಿಸಿ, ಎಲ್ಲವೂ ಸರಿಹೊಂದಿದೆಯೆಂದು ಖಾತ್ರಿಯಾದ ಮೇಲೆ ಪೂರ್ತಿ ಬಿಚ್ಚಿ, ಬಣ್ಣ ಬಳಿದು ಮತ್ತೆ ಜೋಡಿಸುತ್ತಿದ್ದರು. ಎಸ್‌ಎಸ್100 ಮಾದರಿಯ ಜೊತೆಗೆ ಗಂಟೆಗೆ 100 ಮೈಲಿ ಓಡುತ್ತದೆಂಬ ಲಿಖಿತ ಖಾತರಿಯೂ ಸಿಗುತ್ತಿತ್ತು. 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ.ಇ. ಲಾರೆನ್ಸ್ ಒಂದಾದ ಮೇಲೊಂದು ಏಳು ಬ್ರಫ್‌ಗಳನ್ನು ಕೊಂಡಿದ್ದರು. 1935ರಲ್ಲಿ ಅವರ ಸಾವಿಗೆ ಕಾರಣವಾದ ಅಪಘಾತವೂ ಬ್ರಫ್ ಮೇಲೆಯೇ ಆದದ್ದು. 1940ರಲ್ಲಿ, ಯುದ್ಧದ ಕೆಲಸಕ್ಕೆ ಕಾರ್ಖಾನೆ ತಿರುಗುವ ಹೊತ್ತಿಗೆ, ತಯಾರಾಗಿದ್ದ ಬೈಕುಗಳು ಸುಮಾರು 3,000 ಅಷ್ಟೇ.

ಈ ಹೆಸರು ಮತ್ತೆ ರಸ್ತೆಗಿಳಿದದ್ದು ಫ್ರಾನ್ಸಿನಲ್ಲಿ. ತೂಲೂಸ್ ಬಳಿ ವಿನ್ಯಾಸಕಾರ ಥಿಯೆರಿ ಆನ್ರಿಯೆತ್ ರೂಪಿಸಿದ ಹೊಸ ಎಸ್‌ಎಸ್100, 2013ರಲ್ಲಿ ಮಿಲಾನಿನ ಪ್ರದರ್ಶನಕ್ಕೆ ಬಂತು. ಅದರ 997 ಸಿಸಿ ವಿ-ಟ್ವಿನ್ ಎಂಜಿನ್ನು ಈ ಬೈಕಿಗೆಂದೇ ಹೊಸದಾಗಿ ಮಾಡಿದ್ದು. ಚಾಸಿಗೆ ಟೈಟಾನಿಯಂ ಬಳಸಿದ್ದಾರೆ. ಇಷ್ಟು ಕೆಲಸದ ಖರ್ಚನ್ನು ಬೆರಳೆಣಿಕೆಯ ಬೈಕುಗಳಿಂದಲೇ ಹುಟ್ಟಿಸಬೇಕಾದಾಗ ಬೆಲೆ ಏರದೆ ಬೇರೆ ದಾರಿಯಿಲ್ಲ. ಲಕ್ಷಗಟ್ಟಲೆ ಬೈಕು ಮಾಡುವ ಜಪಾನಿನ ಕಂಪನಿಗಳೆದುರು ಬೆಲೆಯ ಪೈಪೋಟಿಗೆ ಇಳಿದರೆ ಇಂಥವರು ಒಂದು ವರ್ಷವೂ ಉಳಿಯಲಾರರು. ಹೆಸರು ಬ್ರಿಟಿಷರದು, ತಯಾರಿ ಫ್ರೆಂಚರದು ಎಂಬ ಆಕ್ಷೇಪ ನನಗೆ ದೊಡ್ಡದೆನಿಸುವುದಿಲ್ಲ. ಕಡಿಮೆ ಮಾಡು, ಚೆನ್ನಾಗಿ ಮಾಡು ಎಂಬ ಜಾರ್ಜ್ ಬ್ರಫ್ ಅವರ ಪದ್ಧತಿ ಇಲ್ಲಿ ಉಳಿದಿದೆ.

ನಾರ್ಟನ್ ಕಥೆ ಹೀಗಲ್ಲ. 1898ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಐಲ್ ಆಫ್ ಮ್ಯಾನ್ ರೇಸುಗಳಲ್ಲಿ ಮೆರೆದ ಹೆಸರದು. 2008ರಲ್ಲಿ ಹೊಸ ಮಾಲೀಕರು ಅದನ್ನು ಕೊಂಡು, ಮುಂದೆ 44,000 ಪೌಂಡಿನ ವಿ4 ಬೈಕನ್ನು ಮಾರುಕಟ್ಟೆಗೆ ತಂದರು. 2020ರ ಜನವರಿಯಲ್ಲಿ ಕಂಪನಿ ದಿವಾಳಿಯಾಯಿತು. ಮುಂಗಡ ಕೊಟ್ಟು ಕಾದಿದ್ದವರು ಕೈ ಹಿಸುಕಿಕೊಂಡರು. ಇನ್ನೂರಕ್ಕೂ ಹೆಚ್ಚು ಜನರ ಪಿಂಚಣಿ ಹಣ ಕಂಪನಿಯಲ್ಲೇ ಸಿಕ್ಕಿಬಿದ್ದಿತ್ತು. ನಿಯಮ ಮೀರಿ ಆ ಹಣ ತೊಡಗಿಸಿದ ತಪ್ಪನ್ನು ಮಾಲೀಕರು 2022ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ದುಬಾರಿ ಬೆಲೆಗಿಂತ ನೂರು ಪಾಲು ದೊಡ್ಡ ಅನ್ಯಾಯ ಇದು.

ದಿವಾಳಿಯಾದ 2020ರ ಏಪ್ರಿಲ್‌ನಲ್ಲೇ 1.6 ಕೋಟಿ ಪೌಂಡಿಗೆ ನಾರ್ಟನ್ ಕೊಂಡದ್ದು, ಹೊಸೂರು ಮತ್ತು ಮೈಸೂರಿನಲ್ಲಿ ಕಾರ್ಖಾನೆಗಳಿರುವ ಟಿವಿಎಸ್. ಹಿಂದಿನವರು ಮಾರಿದ್ದ ವಿ4 ಬೈಕುಗಳಲ್ಲಿ ಸುರಕ್ಷತೆಯ ದೋಷಗಳಿವೆ, ಓಡಿಸಬೇಡಿ ಎಂದು ಹೊಸ ಆಡಳಿತ ಬಹಿರಂಗವಾಗಿ ಹೇಳಿತು. ಆಮೇಲೆ ದೋಷಗಳನ್ನು ತಿದ್ದಿ ರೂಪಿಸಿದ ವಿ4ಎಸ್‌ವಿ, ಸೋಲಿಹಲ್‌ನ ಹೊಸ ಕಾರ್ಖಾನೆಯಲ್ಲಿ ತಯಾರಾಯಿತು.