ಮಾಕಳಿ ಮೇಲಿಂದ ಅಣ್ಣಾವ್ರ ಸನ್ನಿಧಿಗೆ

ಹಿಮಾಲಯ ಕಂಪನಿಯ ಲಿವ್ 52 ಡಬ್ಬಿಯನ್ನು ತಿರುಗಿಸಿ ನೋಡಿ. ಸಣ್ಣ ಅಕ್ಷರದ ವಿಳಾಸದಲ್ಲಿ ಮಾಕಳಿ ಎಂಬ ಹೆಸರು ಕಾಣುತ್ತದೆ. ದೇಶದ ಮೂಲೆಮೂಲೆಯ ಮೆಡಿಕಲ್ ಶಾಪಿನಲ್ಲಿ ಈ ಊರಿನ ಹೆಸರಿದೆ. ಆದರೆ ಊರು ನೋಡಲೆಂದು ಇಲ್ಲಿ ಇಳಿಯುವವರು ಕಡಿಮೆ. ತುಮಕೂರು ರಸ್ತೆಯ ಎರಡೂ ಬದಿಗೆ ಕಾರ್ಖಾನೆ, ಗೋದಾಮು, ಲಾರಿ ಸಾಲು. ಆದರೂ ಕನ್ನಡದ ಸಿನಿಮಾ ಅಭಿಮಾನವನ್ನು ನೋಡಬೇಕೆಂದರೆ ನಾನು ನಿಲ್ಲುವುದು ಇಲ್ಲೇ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗದಿಂದ ರಾಜಧಾನಿಗೆ ಹೊರಟ ಬಸ್ಸು, ಟೆಂಪೊ, ಟ್ರ್ಯಾಕ್ಸುಗಳು ಹೆದ್ದಾರಿ ಹಿಡಿದು ಬಂದರೆ ಮಾಕಳಿ ದಾಟಿಯೇ ಹೋಗಬೇಕು.

ಅಕ್ಟೋಬರ್ ಕೊನೆಯ ವಾರ, ಮಾರ್ಚ್ 17ರ ಹಿಂದುಮುಂದು ಇಲ್ಲಿ ನಿಂತರೆ ಯಾರನ್ನೂ ಕೇಳಬೇಕಾಗಿಲ್ಲ. ಬಾನೆಟ್ಟಿಗೆ ಕೆಂಪು–ಹಳದಿ ಬಾವುಟ, ಹಿಂದಿನ ಗಾಜಿನ ತುಂಬ ನಗುವ ಅಪ್ಪು. ಮಾರ್ಚ್ 17ರಂದು ಹುಟ್ಟಿದ ಅಪ್ಪು, ಅಂದರೆ ನಟ ಪುನೀತ್ ರಾಜ್‌ಕುಮಾರ್, ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ. ಆಮೇಲಿನ ತಿಂಗಳುಗಳಲ್ಲಿ ಅವರ ಸಮಾಧಿಗೆ ಉತ್ತರ ಕರ್ನಾಟಕದಿಂದ ಸೈಕಲ್ ತುಳಿದುಕೊಂಡು ಬಂದವರಿದ್ದಾರೆ, ನಡೆದುಕೊಂಡೇ ಬಂದವರಿದ್ದಾರೆ. ಧಾರವಾಡ ಜಿಲ್ಲೆಯ ತಾಯಿಯೊಬ್ಬರು ಓಡುತ್ತಲೇ ಬಂದರು. ಹರಕೆ ಹೊತ್ತವರ ನಡಿಗೆಗೂ ಇವರ ನಡಿಗೆಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಮಾಕಳಿಯಿಂದ ಬೆಂಗಳೂರಿನ ಕಡೆಗೆ ಸ್ವಲ್ಪ ಮುಂದೆ ಹೋದರೆ ಮಾದಾವರ. ನಮ್ಮ ಮೆಟ್ರೊ ಹಸಿರು ಮಾರ್ಗ ಇಲ್ಲಿಯವರೆಗೆ ಬಂದದ್ದು 2024ರ ನವೆಂಬರಿನಲ್ಲಿ. ರೈಲು ಹತ್ತಿ ಎರಡು ನಿಲ್ದಾಣ ದಾಟಿದರೆ ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಕೈಗಾರಿಕೆ, ಪೀಣ್ಯ, ಮುಂದಿನದೇ ಗೊರಗುಂಟೆಪಾಳ್ಯ. ಅಲ್ಲಿಳಿದು ರಿಂಗ್ ರಸ್ತೆಯಲ್ಲಿ ನಂದಿನಿ ಲೇಔಟ್ ಕಡೆಗೆ ಆಟೊ ಹಿಡಿಯಿರಿ. ಕಂಠೀರವ ಸ್ಟುಡಿಯೊ ಎಂದರೆ ಸಾಕು, ಬೇರೆ ಗುರುತು ಬೇಕಿಲ್ಲ.

ಸ್ಟುಡಿಯೊ ಶುರುವಾದದ್ದು 1966ರಲ್ಲಿ, ಕನ್ನಡ ಚಿತ್ರಗಳು ಮದರಾಸಿನ ಫ್ಲೋರುಗಳನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ. 2006ರ ಏಪ್ರಿಲ್ 12ರಂದು ಅಪ್ಪುವಿನ ತಂದೆ, ಎಲ್ಲರ ಅಣ್ಣಾವ್ರು ರಾಜ್‌ಕುಮಾರ್ ತೀರಿಕೊಂಡರು. ಮರುದಿನ ಅವರನ್ನು ಮಣ್ಣು ಮಾಡಿದ್ದು ಈ ಆವರಣದಲ್ಲಿ. ಎರಡೂವರೆ ಎಕರೆಯ ಸ್ಮಾರಕ ಉದ್ಘಾಟನೆಯಾದದ್ದು 2014ರ ನವೆಂಬರಿನಲ್ಲಿ. 2017ರಲ್ಲಿ ಪತ್ನಿ ಪಾರ್ವತಮ್ಮ, 2021ರಲ್ಲಿ ಕಿರಿಯ ಮಗ ಅಪ್ಪು ಅಲ್ಲಿಗೇ ಬಂದರು. ಇದೇ ಸ್ಟುಡಿಯೊದಲ್ಲಿ ಅಂಬರೀಶ್ ಸ್ಮಾರಕವೂ ಇದೆ. ಅದು ಸಾರ್ವಜನಿಕರಿಗೆ ತೆರೆದದ್ದು 2023ರ ಮಾರ್ಚಿನಲ್ಲಿ.

ಒಳಗೆ ಹೋಗುವವರು ಚಪ್ಪಲಿ ಬಿಡುತ್ತಾರೆ. ಅಪ್ಪುವಿನ ಸಮಾಧಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ಕೂಸನ್ನು ಎತ್ತಿ ಹಿಡಿದು ಪಟಕ್ಕೆ ಕೈ ಮುಗಿಸುವ ಅಪ್ಪ. ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಅರಿಸಿನ–ಕುಂಕುಮ ಹಚ್ಚಿ ತಂದು ಕಲ್ಲಿನ ಮೇಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅವ್ವ. ಮನೆದೇವರಿಗೆ ಸಲ್ಲುವ ಮರ್ಯಾದೆ ಅದು. ಅಲ್ಲಿಂದ ಎರಡು ಹೆಜ್ಜೆ ಸರಿದರೆ ಅಣ್ಣಾವ್ರು. ಅಭಿಮಾನಿಗಳನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆಯುತ್ತಿದ್ದವರ ಮುಂದೆ ಅದೇ ಅಭಿಮಾನಿಗಳು ತಲೆಬಾಗಿ ನಿಂತಿರುತ್ತಾರೆ.

ಮೆಂಫಿಸ್‌ನಲ್ಲಿ ಎಲ್ವಿಸ್ ಪ್ರೀಸ್ಲಿಯ ಮನೆ ಗ್ರೇಸ್‌ಲ್ಯಾಂಡಿಗೆ ಜನ ಟಿಕೆಟ್ ಕೊಂಡು ಹೋಗುತ್ತಾರೆ. ನಮ್ಮಲ್ಲೂ ‘ಶೋಲೆ’ಯ ಬಂಡೆ ನೋಡಲು ರಾಮನಗರಕ್ಕೆ, ‘ಮಾಲ್ಗುಡಿ ಡೇಸ್’ ನೆನಪಿಗೆ ಅರಸಾಳು ರೈಲು ನಿಲ್ದಾಣಕ್ಕೆ ಹೋಗುವವರಿದ್ದಾರೆ. ಅಲ್ಲಿ ಕಥೆ ನಡೆದ ಜಾಗವನ್ನು ಹುಡುಕುತ್ತಾರೆ. ಕಂಠೀರವಕ್ಕೆ ಬರುವವರಿಗೆ ಕಥೆ ಬೇಕಿಲ್ಲ, ಮನುಷ್ಯ ಬೇಕು.

ಈ ಯಾತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕಣ್ಣಿನ ವಿಷಯ. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ರಾಜ್ ಕುರುಡು ಗಾಯಕನ ಪಾತ್ರ ಮಾಡಿದ್ದರು. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಶುರುವಾಯಿತು. ಅವರು ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. ಅಪ್ಪುವಿನ ಕಣ್ಣೂ ಹಾಗೆಯೇ. ಸಾಮಾನ್ಯವಾಗಿ ಎರಡು ಕಣ್ಣಿನಿಂದ ಇಬ್ಬರಿಗೆ ದೃಷ್ಟಿ. ಅಪ್ಪು ಕೊಟ್ಟ ಕಾರ್ನಿಯಾಗಳನ್ನು ವೈದ್ಯರು ಮುಂಪದರ, ಹಿಂಪದರ ಎಂದು ಬಿಡಿಸಿದರು. ಮುಂಪದರ ಕೆಟ್ಟ ಇಬ್ಬರಿಗೆ ಮುಂಪದರ, ಹಿಂಪದರ ಕೆಟ್ಟ ಇಬ್ಬರಿಗೆ ಹಿಂಪದರ: ಹೀಗೆ ನಾಲ್ವರಿಗೆ ಬೆಳಕು ಬಂತು. ಆಮೇಲೆ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಸಮಾಧಿಗೆ ಹಾಕಿದ ಹಾರ ಸಂಜೆಗೆ ಬಾಡುತ್ತದೆ. ಬರೆಸಿದ ಹೆಸರು ಉಳಿಯುತ್ತದೆ. ಸ್ಮಾರಕದ ಬಾಗಿಲಲ್ಲಿ ವರ್ಷವಿಡೀ ನೇತ್ರದಾನದ ನೋಂದಣಿ ಮೇಜು ಇರಲೇಬೇಕೆಂಬುದು ನನ್ನ ಆಸೆ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕೆಂಬುದು ಊರಿಂದ ಬಂದ ಪ್ರತಿ ಕುಟುಂಬಕ್ಕೂ ಅಲ್ಲೇ ಗೊತ್ತಾಗಬೇಕು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಂಠೀರವ ಸರ್ಕಾರದ ಸ್ಟುಡಿಯೊ, ಆದ್ದರಿಂದ ಈ ಸಮಾಧಿಗಳಿಗೆ ನೆಲದ ಭದ್ರತೆ ಇದೆ. ವಿಷ್ಣುವರ್ಧನ್ ಅವರಿಗೆ ಆ ಭಾಗ್ಯ ಸಿಗಲಿಲ್ಲ. 2009ರ ಡಿಸೆಂಬರಿನಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದು ಖಾಸಗಿ ಕುಟುಂಬದ ಕೈಯಲ್ಲಿದ್ದ ಅಭಿಮಾನ್ ಸ್ಟುಡಿಯೊದಲ್ಲಿ. ಮೈಸೂರಿನಲ್ಲಿ ಸ್ಮಾರಕವೇನೋ 2023ರಲ್ಲಿ ತೆರೆಯಿತು. ಆದರೆ ಅಭಿಮಾನ್ ಸ್ಟುಡಿಯೊದ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ಕೆಡವಿದರು. ವರ್ಷಗಟ್ಟಲೆ ಅಲ್ಲಿಗೆ ಹೂವು ಹೊತ್ತುಕೊಂಡು ಹೋದವರ ನೋವು ಸಣ್ಣದಲ್ಲ. ಕಲಾವಿದರ ಕೊನೆಯ ಜಾಗದ ಪ್ರಶ್ನೆಯನ್ನು ಸರ್ಕಾರ ಅವತ್ತೇ ಬಗೆಹರಿಸಬೇಕಿತ್ತು.

ಊರಿಗೆ ಮರಳುವವರು ಮಾಕಳಿ ದಾಟಿ ಸೀದಾ ತುಮಕೂರಿಗೆ ಗಾಡಿ ಓಡಿಸಬೇಡಿ. ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ನಟಿ ಲೀಲಾವತಿ ಅಮ್ಮನ ನೆನಪು ಇದೆ. ‘ಕಣ್ತೆರೆದು ನೋಡು’ ಚಿತ್ರದಲ್ಲಿ, ‘ರಣಧೀರ ಕಂಠೀರವ’ದಲ್ಲಿ, ‘ಭಕ್ತ ಕುಂಬಾರ’ದಲ್ಲಿ ರಾಜ್ ಜೊತೆಗಿದ್ದವರು. ಕೊನೆಗಾಲವನ್ನು ಈ ಹಳ್ಳಿಯ ತೋಟದಲ್ಲಿ ಮಗ ವಿನೋದ್ ರಾಜ್ ಜೊತೆ ಕಳೆದು 2023ರ ಡಿಸೆಂಬರ್ 8ರಂದು ತೀರಿಕೊಂಡರು. ಮಗ ಕಟ್ಟಿಸಿದ ಸ್ಮಾರಕ ಅಲ್ಲಿದೆ. ಕಂಠೀರವದ ನೂಕುನುಗ್ಗಲು ಇಲ್ಲಿಲ್ಲ. ಇನ್ನಷ್ಟು ಜನ ಬರಲೇಬೇಕಾದ ಜಾಗ ಇದು, ಏಕೆಂದರೆ ಅಭಿಮಾನಿಗಳು ಕೊಟ್ಟದ್ದನ್ನು ಲೀಲಾವತಿ ಊರಿಗೆ ತಿರುಗಿಸಿಕೊಟ್ಟರು. ಹಳ್ಳಿಯವರಿಗೆಂದು ಆಸ್ಪತ್ರೆ ಕಟ್ಟಿಸಿದರು. ಸಾಲದೆಂದು ದನಕರುಗಳಿಗೆ ಪಶು ಆಸ್ಪತ್ರೆಯನ್ನೂ ಕಟ್ಟಿಸಿದರು. ಅದನ್ನು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಉದ್ಘಾಟಿಸಿದ್ದು ಅವರು ಕಣ್ಣು ಮುಚ್ಚುವುದಕ್ಕೆ ಕೆಲವೇ ದಿನ ಮೊದಲು. ಸ್ಮಾರಕಕ್ಕೆ ಕೈ ಮುಗಿದ ಮೇಲೆ ಆ ಎರಡು ಕಟ್ಟಡಗಳನ್ನೂ ಕೇಳಿಕೊಂಡು ಹೋಗಿ ನೋಡಿ ಬನ್ನಿ.